ಎಸ್‌ಒಡಿ ಕಿಣ್ವ ಕಡಿಮೆ ಎಂದು ವರದಿ ಬಂದರೆ ಅರ್ಥವೇನು? ಮಾತ್ರೆ ನುಂಗಿದರೆ ಏರುತ್ತದೆಯೇ?

ಹಸಿರುಶಾಯಿ:
ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಅಂದರೆ ಎಸ್‌ಒಡಿ ಬಗ್ಗೆ ಬಲ್ಲವರಿಂದ ಉತ್ತರ ಬೇಕು. ‘ಆಕ್ಸಿಡೇಟಿವ್ ಸ್ಟ್ರೆಸ್’ (ಆಮ್ಲಜನಕದ ಹಾನಿಕರ ರೂಪಗಳಿಂದ ಕೋಶಕ್ಕೆ ಬೀಳುವ ಒತ್ತಡ) ಪರೀಕ್ಷೆ ಎಂದು ಮಾಡುವ ರಕ್ತದ ವರದಿಗಳಲ್ಲಿ ಇದರ ಅಂಕಿ ಇರುತ್ತದೆ. ಕಡಿಮೆ ಬಂದರೆ ಕಾಯಿಲೆ ಎಂದೇ ತಿಳಿಯಬೇಕೆ? ಎಸ್‌ಒಡಿ ಮಾತ್ರೆಗಳಿಂದ ಉಪಯೋಗವಿದೆಯೇ? ಈ ಕಿಣ್ವ ಕಡಿಮೆಯಾದರೆ ಎಎಲ್‌ಎಸ್ (ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಕಾಯಿಲೆ) ಬರುತ್ತದೆ ಎಂದು ಹಲವು ಕಡೆ ಬರೆದಿರುತ್ತಾರೆ, ಅದು ಎಷ್ಟು ಸರಿ?

ಕಿಣ್ವಲೋಕ:
ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಮನುಷ್ಯನಲ್ಲಿ ಎಸ್‌ಒಡಿ ಒಂದಲ್ಲ, ಮೂರು. ಎಸ್‌ಒಡಿ1 ಇರುವುದು ಜೀವಕೋಶದ ಸೈಟೊಪ್ಲಾಸಂನಲ್ಲಿ, ಜೊತೆಗೆ ಮೈಟೊಕಾಂಡ್ರಿಯದ ಎರಡು ಪೊರೆಗಳ ನಡುವೆ ಸ್ವಲ್ಪ. ಅದಕ್ಕೆ ತಾಮ್ರ, ಸತು ಎರಡೂ ಬೇಕು. ತಲಾ 153 ಅಮೈನೊ ಆಮ್ಲಗಳ ಎರಡು ತುಂಡು ಸೇರಿ ಒಂದು ಕಿಣ್ವ. ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಎಸ್‌ಒಡಿ2 ಮೈಟೊಕಾಂಡ್ರಿಯದ ಒಳಗೆ, ಅದಕ್ಕೆ ಮ್ಯಾಂಗನೀಸ್ ಬೇಕು. ಎಸ್‌ಒಡಿ3 ಜೀವಕೋಶದ ಹೊರಗೆ, ರಕ್ತನಾಳದ ಗೋಡೆಯಲ್ಲಿ ಮತ್ತು ಶ್ವಾಸಕೋಶದಲ್ಲಿ ಹೆಚ್ಚು. ಅದೂ ತಾಮ್ರ–ಸತುವಿನದೇ.

ಮೂರು ಕಡೆ ಮೂರು ಯಾಕೆ ಎಂದರೆ, ಈ ಕಿಣ್ವ ತೆಗೆದುಹಾಕುವ ಸೂಪರಾಕ್ಸೈಡ್‌ಗೆ, ಅಂದರೆ ಒಂದು ಎಲೆಕ್ಟ್ರಾನ್ ಹೆಚ್ಚಿರುವ ಆಮ್ಲಜನಕದ ಅಣುವಿಗೆ, ಋಣ ವಿದ್ಯುದಂಶ ಇದೆ. ಪೊರೆಯನ್ನು ಸುಲಭವಾಗಿ ದಾಟುವುದಿಲ್ಲ. ಹುಟ್ಟಿದ ಜಾಗದಲ್ಲೇ ಅದನ್ನು ವಿಲೇವಾರಿ ಮಾಡಬೇಕು. ಹಾಗಾಗಿ ಹೊರಗಿನ ಕಿಣ್ವ ಎಷ್ಟಿದ್ದರೂ ಮೈಟೊಕಾಂಡ್ರಿಯದ ಒಳಗಿನ ಕೊರತೆ ತುಂಬದು. ಎಸ್‌ಒಡಿ2 ಜೀನ್ ಪೂರ್ತಿ ತೆಗೆದ ಇಲಿಮರಿಗಳು ಹೃದಯದ ಸ್ನಾಯು ಹಾಳಾಗಿ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತವೆ. ಎಸ್‌ಒಡಿ1 ತೆಗೆದ ಇಲಿಗಳು ದೊಡ್ಡವಾಗುತ್ತವೆ.

ಕೆಂಪು ರಕ್ತಕಣದಲ್ಲಿ ಮೈಟೊಕಾಂಡ್ರಿಯವೇ ಇಲ್ಲ. ಅಲ್ಲಿ ಅಳೆಯುವುದು ಎಸ್‌ಒಡಿ1 ಮಾತ್ರ. ಆ ಅಂಕಿ ಹಿಡಿದು ಹೃದಯ, ಮಿದುಳು, ಯಕೃತ್ತಿನ ಸ್ಥಿತಿ ಹೇಳುವವರಿಗೆ ಧೈರ್ಯ ಜಾಸ್ತಿ ಎನ್ನಬೇಕು.

ಹಸಿರುಶಾಯಿ:
ಸರ್, ಕಿಣ್ವ ಮಾಡುವ ಕೆಲಸ ಒಂದೇ ಅಲ್ಲವೇ? ವಿಷಕಾರಿ ಆಮ್ಲಜನಕವನ್ನು ನೀರಾಗಿಸುವುದು?

ಕಿಣ್ವಲೋಕ:
ನೀರಾಗಿಸುವುದಿಲ್ಲ, ಎಡವಟ್ಟು ಆಗುವುದು ಅಲ್ಲೇ. ಎರಡು ಸೂಪರಾಕ್ಸೈಡ್, ಎರಡು ಪ್ರೋಟಾನ್ ಸೇರಿ ಒಂದು ಆಮ್ಲಜನಕ, ಒಂದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ತೋರಿಸಿದ್ದು ಇದನ್ನೇ. ಪ್ರೋಟೀನ್ ಮಾತ್ರ ಹಳೆಯದು. 1938ರಲ್ಲೇ ಮ್ಯಾನ್ ಮತ್ತು ಕೀಲಿನ್ ದನದ ರಕ್ತದಿಂದ ಬೇರ್ಪಡಿಸಿದ್ದರು. ತಾಮ್ರವಿರುವ ಪ್ರೋಟೀನ್ ಎಂದು ಗೊತ್ತಿತ್ತು, ಅದರ ಕೆಲಸ ಏನೆಂದು ಮೂವತ್ತು ವರ್ಷ ಗೊತ್ತಿರಲಿಲ್ಲ.

ಕಿಣ್ವವಿಲ್ಲದೆಯೂ ಈ ಕ್ರಿಯೆ ತಾನಾಗಿ ನಡೆಯುತ್ತದೆ, ಆದರೆ ಎಸ್‌ಒಡಿ ಇದ್ದರೆ ವೇಗ ಸುಮಾರು ಹತ್ತು ಸಾವಿರ ಪಟ್ಟು. ಬಂದ ಪೆರಾಕ್ಸೈಡನ್ನು ನೀರಾಗಿಸುವುದು ಕೆಟಲೇಸ್, ಗ್ಲುಟಥಯಾನ್ ಪೆರಾಕ್ಸಿಡೇಸ್, ಪೆರಾಕ್ಸಿರೆಡಾಕ್ಸಿನ್‌ಗಳು. ಗ್ಲುಟಥಯಾನ್ ಪೆರಾಕ್ಸಿಡೇಸಿಗೆ ಸೆಲೆನಿಯಂ ಬೇಕು. ಬಳಕೆಯಾದ ಗ್ಲುಟಥಯಾನ್ ಮತ್ತೆ ಸಿದ್ಧವಾಗಲು ಎನ್‌ಎಡಿಪಿಎಚ್ ಎಂಬ ಅಣು ಬೇಕು. ಆ ಅಣುವನ್ನು ಒದಗಿಸುವ ಕಿಣ್ವವಾದ ಜಿ6ಪಿಡಿಯ ಕೊರತೆ ಇರುವವರ ಕೆಂಪುಕಣ ಒಡೆಯುವುದು ಈ ಕೊನೆಯ ಕೊಂಡಿ ಸೋತಾಗ.

ಹಾಗಾದರೆ ಸೂಪರಾಕ್ಸೈಡ್ ಮಾಡುವ ಹಾನಿ ಯಾವುದು? ನೇರವಾಗಿ ಡಿಎನ್‌ಎ ಕತ್ತರಿಸುವುದಲ್ಲ. ಅಕಾನಿಟೇಸ್‌ನಂಥ ಕಿಣ್ವಗಳ ಕಬ್ಬಿಣ–ಗಂಧಕದ ಗುಚ್ಛವನ್ನು ಒಡೆದು ಕಬ್ಬಿಣ ಬಿಡುಗಡೆ ಮಾಡುತ್ತದೆ. ಆ ಕಬ್ಬಿಣ ಪೆರಾಕ್ಸೈಡಿನೊಡನೆ ಸೇರಿ ಡಿಎನ್‌ಎಗೂ ಹಾನಿ ಮಾಡುವ ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟಿಸುತ್ತದೆ. ಇನ್ನೊಂದು ದಾರಿ ನೈಟ್ರಿಕ್ ಆಕ್ಸೈಡ್. ರಕ್ತನಾಳ ಸಡಿಲಿಸುವ ಈ ಅಣುವನ್ನು ಸೂಪರಾಕ್ಸೈಡ್ ಹಿಡಿದುಬಿಟ್ಟರೆ ಪೆರಾಕ್ಸಿನೈಟ್ರೈಟ್ ಆಗುತ್ತದೆ, ಆ ಕ್ರಿಯೆ ಎಸ್‌ಒಡಿಗಿಂತಲೂ ವೇಗದ್ದು. ನಾಳದ ಗೋಡೆಯಲ್ಲಿ ಎಸ್‌ಒಡಿ3 ಅಷ್ಟು ದಟ್ಟವಾಗಿ ಇರಬೇಕಾದದ್ದು ಅದಕ್ಕೇ.

ವಾರ್ಡ್‌ರೌಂಡ್:
ಎಸ್‌ಒಡಿ3 ವಿಷಯ ಬಂದದ್ದಕ್ಕೆ ಒಂದು ಮಾತು. ಇದರಲ್ಲಿ ಆರ್213ಜಿ ಎಂಬ ರೂಪಾಂತರ ಇದೆ. ಕಿಣ್ವ ಕೆಲಸ ಮಾಡುತ್ತದೆ, ಆದರೆ ನಾಳದ ಗೋಡೆಯ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗೆ ಅಂಟಿಕೊಳ್ಳುವ ಬಾಲ ದುರ್ಬಲ. ಗೋಡೆ ಬಿಟ್ಟು ರಕ್ತಕ್ಕೆ ಬರುತ್ತದೆ. ಇಂಥವರ ಪ್ಲಾಸ್ಮಾದಲ್ಲಿ ಎಸ್‌ಒಡಿ3 ಎಂಟು–ಹತ್ತು ಪಟ್ಟು ಇರುತ್ತದೆ. ವರದಿ ನೋಡಿದವರು ‘ಭಾರೀ ರಕ್ಷಣೆ’ ಎಂದುಕೊಳ್ಳಬಹುದು. ಕೋಪನ್‌ಹೇಗನ್‌ನ ದೊಡ್ಡ ಜನಸಮೂಹ ಅಧ್ಯಯನದಲ್ಲಿ ಇವರಿಗೆ ಹೃದಯದ ರಕ್ತಕೊರತೆಯ ಕಾಯಿಲೆಯ ಅಪಾಯ ಹೆಚ್ಚು ಕಂಡಿತು. ಅದೇ ರೂಪಾಂತರ ಇರುವ ಧೂಮಪಾನಿಗಳಲ್ಲಿ ಸಿಒಪಿಡಿ (ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಕಡಿಮೆ. ಒಂದೇ ಅಂಕಿ, ಎರಡು ಅಂಗಕ್ಕೆ ಎರಡು ಫಲ.

ಸೋಂಕು, ಉರಿಯೂತ ಇದ್ದಾಗ ಟಿಎನ್‌ಎಫ್‌ನಂಥ ಸಂಕೇತಗಳು ಎಸ್‌ಒಡಿ2 ಉತ್ಪಾದನೆ ಏರಿಸುತ್ತವೆ. ಅಲ್ಲಿ ‘ಹೆಚ್ಚು’ ಅನ್ನುವುದು ಆರೋಗ್ಯದ ಗುರುತಲ್ಲ, ಒಳಗೆ ಗಲಾಟೆ ನಡೆದಿದೆ ಎಂಬ ಸೂಚನೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಮೂರು ಇರುವುದರಿಂದ ಎಸ್‌ಒಡಿ1 ಸುಮಾರು ಒಂದೂವರೆ ಪಟ್ಟು ಇರುತ್ತದೆ. ಅವರಿಗೆ ಆಕ್ಸಿಡೇಟಿವ್ ಹಾನಿ ಕಡಿಮೆಯೇನೂ ಅಲ್ಲ. ಪೆರಾಕ್ಸೈಡ್ ತೆಗೆಯುವ ಕಿಣ್ವಗಳು ಅದೇ ಪ್ರಮಾಣದಲ್ಲಿ ಏರದಿದ್ದರೆ ಮುಂದಿನ ಹಂತದಲ್ಲಿ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ ಎಂಬುದು ಬಹಳ ಹಿಂದಿನಿಂದ ಇರುವ ವಾದ.

ಪಿಪೆಟ್:
ಅಂಕಿಯ ಅರ್ಥಕ್ಕಿಂತ ಮುಂಚೆ ಅಂಕಿ ಸರಿ ಬಂದಿದೆಯೇ ಅನ್ನುವುದು ನೋಡಬೇಕು. ಇಲ್ಲಿ ಆಗುವ ತಪ್ಪುಗಳು ಸಾಕಷ್ಟಿವೆ.

ಮಾದರಿ: ಹೆಪರಿನ್ ಟ್ಯೂಬಿನಲ್ಲಿ ರಕ್ತ ತೆಗೆದು ಐಸ್ ಮೇಲೆ ಇಡಿ. ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ತೆಗೆದ ಮೇಲೆ ನಡುವಿನ ಬಿಳಿ ಪದರವನ್ನೂ ಪೂರ್ತಿ ತೆಗೆಯಬೇಕು. ಅದು ಉಳಿದರೆ ಬಿಳಿಕಣಗಳ ಎಸ್‌ಒಡಿ2 ಸೇರಿಕೊಳ್ಳುತ್ತದೆ. ಕೆಂಪುಕಣವನ್ನು 0.9% ತಣ್ಣನೆ ಸಲೈನ್‌ನಲ್ಲಿ ಮೂರು ಬಾರಿ ತೊಳೆದು, ನಾಲ್ಕು ಪಟ್ಟು ಐಸ್ ನೀರು ಹಾಕಿ ಒಡೆಸಿ. ಅದೇ ದಿನ ಅಳೆಯದಿದ್ದರೆ −80 ಡಿಗ್ರಿಯಲ್ಲಿಡಿ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ.

ಹಿಮೋಗ್ಲೋಬಿನ್ ತೆಗೆಯಲು ಎಥನಾಲ್–ಕ್ಲೋರೋಫಾರ್ಮ್ 5:3 ಮಿಶ್ರಣ ತಣ್ಣಗೆ ಸೇರಿಸಿ, ಅಲುಗಾಡಿಸಿ, ಸೆಂಟ್ರಿಫ್ಯೂಜ್ ಮಾಡುತ್ತಾರೆ. ಎಸ್‌ಒಡಿ1 ಗಟ್ಟಿ ಪ್ರೋಟೀನ್, ಮೇಲಿನ ನೀರಿನ ಪದರದಲ್ಲಿ ಉಳಿದುಕೊಳ್ಳುತ್ತದೆ. ಎಸ್‌ಒಡಿ2 ಈ ಹಂತದಲ್ಲಿ ಸತ್ತುಹೋಗುತ್ತದೆ. ಅಂಗಾಂಶದ ಮಾದರಿಗೆ ಇದನ್ನೇ ಬಳಸಿ ‘ಒಟ್ಟು ಎಸ್‌ಒಡಿ’ ಎಂದು ಬರೆದರೆ ಅದು ತಪ್ಪು ಹೆಸರು.

ಪ್ಲಾಸ್ಮಾ ಅಥವಾ ಸೀರಂ ಅಳೆಯುವುದಾದರೆ ಬಣ್ಣ ನೋಡಿ. ನಸುಗೆಂಪು ಇದ್ದರೆ ಮಾದರಿ ಬಿಸಾಕಿ. ಕೆಂಪುಕಣದೊಳಗೆ ಎಸ್‌ಒಡಿ1 ಅಷ್ಟು ದಟ್ಟವಾಗಿದೆ ಎಂದರೆ ಸ್ವಲ್ಪ ಕಣ ಒಡೆದರೂ ಸೀರಂ ಅಂಕಿ ಅದರದ್ದೇ ಆಗುತ್ತದೆ. ‘ಇಂಥ ಕಾಯಿಲೆಯಲ್ಲಿ ಸೀರಂ ಎಸ್‌ಒಡಿ ಏರಿದೆ’ ಎಂಬ ವರದಿಗಳಲ್ಲಿ ಹಿಮೊಲಿಸಿಸ್ (ಕೆಂಪುಕಣ ಒಡೆಯುವುದು) ತಪಾಸಣೆ ಮಾಡಿದ್ದಾರೆಯೇ ಎಂದು ನಾನು ಮೊದಲು ನೋಡುವುದು.

ಹಸಿರುಶಾಯಿ:
ಯೂನಿಟ್ ಬಗ್ಗೆಯೂ ಹೇಳಿ. ಎರಡು ಲ್ಯಾಬ್‌ಗಳ ಸಂಖ್ಯೆ ಹತ್ತಿರಕ್ಕೂ ಬರುವುದಿಲ್ಲವಲ್ಲ?

ಪಿಪೆಟ್:
ಬರುವುದಿಲ್ಲ, ಬರಲೂಬಾರದು. ಎಸ್‌ಒಡಿಯನ್ನು ಯಾರೂ ನೇರವಾಗಿ ಅಳೆಯುತ್ತಿಲ್ಲ. ಸೂಪರಾಕ್ಸೈಡ್ ಉತ್ಪಾದಿಸುವ ಒಂದು ವ್ಯವಸ್ಥೆ, ಅದನ್ನು ಹಿಡಿದು ಬಣ್ಣ ಬದಲಿಸುವ ಒಂದು ಸೂಚಕ, ಇವೆರಡರ ನಡುವೆ ಕಿಣ್ವ ಎಷ್ಟು ಅಡ್ಡ ಬರುತ್ತದೆ ಎಂದು ನೋಡುತ್ತೇವೆ. ಸೂಚಕದ ವೇಗವನ್ನು ಅರ್ಧಕ್ಕಿಳಿಸುವಷ್ಟು ಕಿಣ್ವ ಒಂದು ಯೂನಿಟ್. ಸೂಚಕ ಬೇರೆಯಾದರೆ ಯೂನಿಟ್ಟೂ ಬೇರೆ.

ಮೆಕಾರ್ಡ್–ಫ್ರಿಡೊವಿಚ್ ಅವರ ಮೂಲ ವಿಧಾನದಲ್ಲಿ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಕ್ಸಾಂಥೀನಿನ ಮೇಲೆ ಕೆಲಸ ಮಾಡಿ ಸೂಪರಾಕ್ಸೈಡ್ ಕೊಡುತ್ತದೆ, ಸೈಟೊಕ್ರೋಮ್ ಸಿ ಸೂಚಕ. 3 ಮಿಲಿ ಕ್ಯುವೆಟ್ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ): 50 ಮಿಲಿಮೋಲಾರ್ ಫಾಸ್ಫೇಟ್ ಬಫರ್ ಪಿಎಚ್ 7.8, ಇಡಿಟಿಎ 0.1 ಮಿಲಿಮೋಲಾರ್, ಸೈಟೊಕ್ರೋಮ್ ಸಿ 10 ಮೈಕ್ರೊಮೋಲಾರ್, ಕ್ಸಾಂಥೀನ್ 50 ಮೈಕ್ರೊಮೋಲಾರ್, 25 ಡಿಗ್ರಿ. 550 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆ ನಿಮಿಷಕ್ಕೆ 0.025 ಏರುವಷ್ಟು ಕ್ಸಾಂಥೀನ್ ಆಕ್ಸಿಡೇಸ್ ಹಾಕಬೇಕು. ಕ್ಸಾಂಥೀನ್ ಬರೀ ನೀರಿನಲ್ಲಿ ಕರಗುವುದಿಲ್ಲ, ಮೊದಲು ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿಕೊಳ್ಳಿ.

ಕಡಿಮೆ ಖರ್ಚಿನದು ಪೈರೊಗ್ಯಾಲಾಲ್ ವಿಧಾನ. ಗಾಳಿಯ ಆಮ್ಲಜನಕದಿಂದ ತಾನಾಗಿ ಬಣ್ಣ ತಿರುಗುವ ಈ ರಾಸಾಯನಿಕವನ್ನು ಎಸ್‌ಒಡಿ ನಿಧಾನಿಸುತ್ತದೆ. ಟ್ರಿಸ್ ಬಫರ್ ಪಿಎಚ್ 8.2, ಲೋಹ ಹಿಡಿಯಲು ಡಿಟಿಪಿಎ 1 ಮಿಲಿಮೋಲಾರ್, ಪೈರೊಗ್ಯಾಲಾಲ್ 0.2 ಮಿಲಿಮೋಲಾರ್, 420 ನ್ಯಾನೊಮೀಟರಿನಲ್ಲಿ ಓದು. ಪೈರೊಗ್ಯಾಲಾಲ್ ಸ್ಟಾಕನ್ನು 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಾಡಿ. ನೀರಿನಲ್ಲಿ ಅಥವಾ ಬಫರಿನಲ್ಲಿ ಮಾಡಿಟ್ಟರೆ ಬಳಸುವ ಮುಂಚೆಯೇ ಕಂದು ತಿರುಗಿರುತ್ತದೆ. ಪಿಎಚ್ 0.1 ಜಾರಿದರೂ ಕಂಟ್ರೋಲ್ (ಮಾದರಿ ಸೇರಿಸದ) ವೇಗ ಬದಲಾಗುತ್ತದೆ. ಹಾಗಾಗಿ ಪ್ರತಿ ಕೆಲವು ಮಾದರಿಗೊಮ್ಮೆ ಕಂಟ್ರೋಲ್ ಮತ್ತೆ ಓಡಿಸಿ, ಬೆಳಗಿನ ಕಂಟ್ರೋಲ್ ಸಂಜೆಗೆ ನಡೆಯದು.

ಎಲ್ಲಕ್ಕಿಂತ ದೊಡ್ಡ ತಪ್ಪು ಲೆಕ್ಕದಲ್ಲಿ. ತಡೆಯ ಶೇಕಡಾವನ್ನು 50ರಿಂದ ಭಾಗಿಸಿ ಯೂನಿಟ್ ಎನ್ನುತ್ತಾರೆ. 50% ಹತ್ತಿರ ಸರಿ, ದೂರ ಹೋದರೆ ಸುಳ್ಳು. ಸೈಟೊಕ್ರೋಮ್ ವಿಧಾನದಲ್ಲಿ ಕಿಣ್ವದೊಡನೆ ನೇರ ಏರುವುದು ಕಂಟ್ರೋಲ್ ವೇಗವನ್ನು ಮಾದರಿ ವೇಗದಿಂದ ಭಾಗಿಸಿ ಒಂದು ಕಳೆದ ಸಂಖ್ಯೆ. ವೇಗ 0.025ರಿಂದ 0.0025ಕ್ಕೆ ಇಳಿಯಿತು ಅನ್ನಿ. ತಡೆ 90%, ಹಳೆಯ ಲೆಕ್ಕದಲ್ಲಿ 1.8 ಯೂನಿಟ್, ಸರಿಯಾದ ಲೆಕ್ಕದಲ್ಲಿ 9. ಐದು ಪಟ್ಟು ವ್ಯತ್ಯಾಸ! ಮಾದರಿಯನ್ನು ತೆಳುಮಾಡಿ 40ರಿಂದ 60% ತಡೆಯೊಳಗೆ ತಂದು ಓದಿದರೆ ಈ ಗೋಳಿಲ್ಲ.

ಕಿಣ್ವಲೋಕ:
ಪಿಪೆಟ್ ಅವರು ಹೇಳಿದ್ದಕ್ಕೆ ಮೂರು ಸೇರಿಸುತ್ತೇನೆ. ಒಂದು, ಮಾದರಿಯಲ್ಲಿ ಕ್ಸಾಂಥೀನ್ ಆಕ್ಸಿಡೇಸನ್ನೇ ತಡೆಯುವ ಪದಾರ್ಥ ಇದ್ದರೆ, ಉದಾಹರಣೆಗೆ ಗೌಟ್ ಔಷಧ ಅಲೊಪ್ಯುರಿನಾಲ್, ಅದು ಎಸ್‌ಒಡಿಯಂತೆ ಕಾಣುತ್ತದೆ. ಸೈಟೊಕ್ರೋಮ್ ಇಲ್ಲದೆ 295 ನ್ಯಾನೊಮೀಟರಿನಲ್ಲಿ ಆ ಆಕ್ಸಿಡೇಸ್ ಕೊಡುವ ಯೂರಿಕ್ ಆಮ್ಲದ ಉತ್ಪತ್ತಿ ನೋಡಿ. ಅದು ಕುಗ್ಗಿದ್ದರೆ ನಿಮ್ಮ ‘ಎಸ್‌ಒಡಿ’ ನಕಲಿ. ಸಸ್ಯಸಾರಗಳನ್ನು ಪರೀಕ್ಷಿಸಿ ‘ಎಸ್‌ಒಡಿಯಂಥ ಗುಣ’ ಎಂದು ಪ್ರಕಟಿಸುವವರು ಈ ಒಂದು ಹೆಜ್ಜೆಯನ್ನು ಹಾರಿಸುವುದು ವಾಡಿಕೆಯೇ ಆಗಿದೆ.

ಎರಡು, ಅಂಗಾಂಶದ ಮಾದರಿಯಲ್ಲಿ ಸೈಟೊಕ್ರೋಮ್ ಆಕ್ಸಿಡೇಸ್ ಇರುತ್ತದೆ. ಅದು ಸೂಚಕವನ್ನು ಹಿಂದಕ್ಕೆ ತಿರುಗಿಸುತ್ತದೆ, ಎಸ್‌ಒಡಿ ಜಾಸ್ತಿ ಕಾಣುತ್ತದೆ. 10 ಮೈಕ್ರೊಮೋಲಾರ್ ಸಯನೈಡ್ ಅದನ್ನು ನಿಲ್ಲಿಸುತ್ತದೆ, ಅಷ್ಟಕ್ಕೆ ಎಸ್‌ಒಡಿ1 ಕುಗ್ಗುವುದಿಲ್ಲ. ಮಿಲಿಮೋಲಾರ್ ಮಟ್ಟಕ್ಕೆ ಏರಿಸಿದರೆ ತಾಮ್ರ–ಸತುವಿನ ಎರಡೂ ಕಿಣ್ವ ನಿಲ್ಲುತ್ತವೆ, ಉಳಿದದ್ದು ಎಸ್‌ಒಡಿ2.

ಮೂರು, ಎಲೈಸಾ (ಪ್ರತಿಕಾಯದಿಂದ ಪ್ರೋಟೀನ್ ಹಿಡಿಯುವ ಪರೀಕ್ಷೆ) ತೋರಿಸುವುದು ಪ್ರೋಟೀನಿನ ಪ್ರಮಾಣ, ಕೆಲಸವನ್ನಲ್ಲ. ಪೆರಾಕ್ಸಿನೈಟ್ರೈಟ್ ಎಸ್‌ಒಡಿ2ರ 34ನೇ ಟೈರೊಸಿನ್‌ಗೆ ನೈಟ್ರೊ ಗುಂಪು ಅಂಟಿಸಿದರೆ ಕಿಣ್ವ ಸತ್ತಿರುತ್ತದೆ, ಪ್ರೋಟೀನ್ ಹಾಗೇ ಇರುತ್ತದೆ. ಎಲೈಸಾ ‘ಸರಿಯಾಗಿದೆ’ ಎನ್ನುತ್ತದೆ.

ನರತಂತು:
ಎಎಲ್‌ಎಸ್ ಪ್ರಶ್ನೆಗೆ ಬರುತ್ತೇನೆ. ಕಿಣ್ವ ಕಡಿಮೆಯಾಗಿ ಎಎಲ್‌ಎಸ್ ಬರುತ್ತದೆ ಎಂಬುದು ತಪ್ಪು. ಆದರೆ ಅದು ಬರೀ ವದಂತಿಯಲ್ಲ, 1993ರಲ್ಲಿ ಎಸ್‌ಒಡಿ1 ಮ್ಯುಟೇಶನ್‌ಗಳು ಪತ್ತೆಯಾದಾಗ ತಜ್ಞರೂ ಹಾಗೆ ಯೋಚಿಸಿದ್ದರು. ಮಾರನೇ ವರ್ಷವೇ ಜಿ93ಎ ಎಂಬ ಮಾನವ ಮ್ಯುಟೇಶನ್ ಸೇರಿಸಿದ ಇಲಿ ಬಂತು. ಅದರ ಸ್ವಂತ ಎಸ್‌ಒಡಿ ಹಾಗೇ ಇತ್ತು, ಮೇಲೆ ಕೆಲಸ ಮಾಡಬಲ್ಲ ಮ್ಯುಟಂಟ್ ಕಿಣ್ವವೂ ಇತ್ತು, ಆದರೂ ಕಾಲು ಸೋತು ಸತ್ತಿತು. ಎಸ್‌ಒಡಿ1 ಪೂರ್ತಿ ತೆಗೆದ ಇಲಿಗೆ ಎಎಲ್‌ಎಸ್ ಬರುವುದಿಲ್ಲ. ಅಲ್ಲಿಗೆ ವಾದ ತಿರುಗಿತು: ತೊಂದರೆ ಕೊಡುವುದು ಕಿಣ್ವದ ಅಭಾವವಲ್ಲ, ಸರಿಯಾಗಿ ಮಡಚಿಕೊಳ್ಳದೆ ಗಂಟುಕಟ್ಟುವ ಪ್ರೋಟೀನ್. ಸತು ಕಳಚುವುದು, 57 ಮತ್ತು 146ನೇ ಸಿಸ್ಟೀನ್‌ಗಳ ನಡುವಿನ ಬಂಧ ಬಿಡುವುದು, ಇವು ಆ ಗಂಟಿನ ಆರಂಭ.

ಇಂಥ 200ಕ್ಕೂ ಹೆಚ್ಚು ರೂಪಾಂತರ ಗೊತ್ತಿವೆ. ಎಲ್ಲ ಎಎಲ್‌ಎಸ್ ರೋಗಿಗಳಲ್ಲಿ ಸುಮಾರು 2%, ಕುಟುಂಬದಲ್ಲಿ ಹರಿದು ಬರುವವರಲ್ಲಿ ಹತ್ತು–ಇಪ್ಪತ್ತು ಶೇಕಡಾ ಇದರಿಂದ. ಹಳೆಯ ಎಣಿಕೆಯ ಎ4ವಿ, ಈಗಿನ ಎ5ವಿ ರೂಪಾಂತರದಲ್ಲಿ ಲಕ್ಷಣ ಶುರುವಾದ ಸುಮಾರು ಒಂದು ವರ್ಷದಲ್ಲೇ ಸಾವು. ಸ್ಕ್ಯಾಂಡಿನೇವಿಯದ ಡಿ90ಎ ತಂದೆ, ತಾಯಿ ಎರಡೂ ಕಡೆಯಿಂದ ಬಂದಾಗ ಕಾಯಿಲೆ ನಿಧಾನ, ಹತ್ತು ವರ್ಷ ದಾಟಬಹುದು. ಈ ಡಿ90ಎ ಇರುವವರ ರಕ್ತದಲ್ಲಿ ಕಿಣ್ವದ ಚಟುವಟಿಕೆ ಬಹುತೇಕ ಸಹಜ. ಆದ್ದರಿಂದ ಎಎಲ್‌ಎಸ್ ಅನುಮಾನಕ್ಕೆ ರಕ್ತದ ಎಸ್‌ಒಡಿ ಅಳೆಯುವುದು ವ್ಯರ್ಥ. ಮಾಡಬೇಕಾದದ್ದು ಜೀನ್ ಪರೀಕ್ಷೆ, ಅದಕ್ಕೂ ಮೊದಲು ಕುಟುಂಬಕ್ಕೆ ಜೆನೆಟಿಕ್ ಕೌನ್ಸೆಲಿಂಗ್.

ಹಸಿರುಶಾಯಿ:
ಹಾಗಾದರೆ ಚಿಕಿತ್ಸೆ ಎಂದರೆ ಈ ಕಿಣ್ವವನ್ನು ಕಡಿಮೆ ಮಾಡುವುದೇ?

ನರತಂತು:
ಹೌದು, ಟೊಫರ್ಸೆನ್ ಮಾಡುವುದು ಅದನ್ನೇ. ಎಸ್‌ಒಡಿ1ರ ಆರ್‌ಎನ್‌ಎಗೆ ಅಂಟಿ ಅದನ್ನು ಕತ್ತರಿಸುವ ಔಷಧ. 100 ಮಿಗ್ರಾಂ ಅನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚುತ್ತಾರೆ: ಮೊದಲ ಮೂರು ಡೋಸ್ 14 ದಿನಕ್ಕೊಂದು, ಆಮೇಲೆ 28 ದಿನಕ್ಕೊಂದು. ಅಮೆರಿಕದ ಎಫ್‌ಡಿಎ 2023ರ ಏಪ್ರಿಲ್‌ನಲ್ಲಿ ವೇಗದ ಮಾರ್ಗದಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಗೆ ಆಧಾರ ನ್ಯೂರೊಫಿಲಮೆಂಟ್ (ನರಹಾನಿಯ ಗುರುತಾದ ಪ್ರೋಟೀನ್) ಇಳಿದದ್ದು. 28 ವಾರದ ಮುಖ್ಯ ಅಳತೆಗೋಲಿನಲ್ಲಿ, ಅಂದರೆ ದೈನಂದಿನ ಚಟುವಟಿಕೆಯ ಅಂಕದಲ್ಲಿ, ಪ್ರಯೋಗ ಗೆಲ್ಲಲಿಲ್ಲ. ಬೇಗ ಶುರುಮಾಡಿದವರಿಗೆ ಹೆಚ್ಚು ಉಪಯೋಗ ಎಂಬ ಸೂಚನೆ ಮುಂದುವರಿದ ಅಧ್ಯಯನದಲ್ಲಿ ಬಂತು. ಮಯಲೈಟಿಸ್ (ಬೆನ್ನುಹುರಿಯ ಉರಿಯೂತ), ನರಮೂಲದ ಉರಿಯೂತ, ಕಣ್ಣಿನ ಹಿಂಭಾಗದ ನರದ ಊತ, ಸೋಂಕಿಲ್ಲದ ಮೆನಿಂಜೈಟಿಸ್ ಇವು ಗಮನಿಸಬೇಕಾದ ಅಡ್ಡಪರಿಣಾಮ. ಎಸ್‌ಒಡಿ1 ರೂಪಾಂತರ ಇಲ್ಲದ ಎಎಲ್‌ಎಸ್‌ಗೆ ಇದು ಅಲ್ಲ.

ಆದರೆ ಪೂರ್ತಿ ಇಲ್ಲವಾದರೆ ಅದೂ ಕಷ್ಟವೇ. 2019ರಲ್ಲಿ ಜೀನಿನ ಎರಡೂ ಪ್ರತಿ ಕೆಟ್ಟು ಎಸ್‌ಒಡಿ1 ಚಟುವಟಿಕೆ ಶೂನ್ಯವಾಗಿದ್ದ ಮಕ್ಕಳ ವಿವರ ಪ್ರಕಟವಾಯಿತು. ಶೈಶವದಲ್ಲೇ ಬೆಳವಣಿಗೆ ಕುಂಠಿತ, ಕೈಕಾಲು ಬಿಗಿತ. ಹಾಗಾಗಿ ಔಷಧದ ಗುರಿ ಇಳಿಸುವುದು, ಅಳಿಸುವುದಲ್ಲ.

ಪಥ್ಯ:
ಮಾತ್ರೆಯ ವಿಷಯ ನನಗೆ ಬಿಡಿ. ಎಸ್‌ಒಡಿ ಒಂದು ಪ್ರೋಟೀನ್. ನುಂಗಿದರೆ ಹೊಟ್ಟೆಯ ಆಮ್ಲ, ಪೆಪ್ಸಿನ್ ಅದನ್ನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣ ಮಾಡುತ್ತವೆ. ಕರಬೂಜದ ಸಾರಕ್ಕೆ ಗೋಧಿಯ ಗ್ಲಿಯಾಡಿನ್ ಲೇಪಿಸಿ ಮಾರುವ ಉತ್ಪನ್ನಗಳಿವೆ, ಕರುಳಿನವರೆಗೆ ಉಳಿಯಲಿ ಎಂದು. ಸೀಲಿಯಾಕ್ ಇರುವವರು ಅದನ್ನು ಮುಟ್ಟಬಾರದು, ಗ್ಲಿಯಾಡಿನ್ ಎಂದರೆ ಗ್ಲುಟೆನ್‌ನದೇ ಭಾಗ.

ನಿಜವಾಗಿ ಈ ಕಿಣ್ವವನ್ನು ಆಹಾರದಿಂದ ಇಳಿಸುವ ಒಂದು ದಾರಿ ಬಹಳ ಜನರಿಗೆ ಗೊತ್ತಿಲ್ಲ, ಅದು ಅತಿಯಾದ ಸತು. ದಿನಕ್ಕೆ 50 ಮಿಗ್ರಾಂ ಸತುವನ್ನು ಹತ್ತು ವಾರ ಕೊಟ್ಟಾಗ ಮಹಿಳೆಯರ ಕೆಂಪುಕಣದ ಎಸ್‌ಒಡಿ ಇಳಿಯಿತು. ಅಮೆರಿಕದಲ್ಲಿ ವಯಸ್ಕರಿಗೆ ಸತುವಿನ ಮೇಲ್ಮಿತಿ 40 ಮಿಗ್ರಾಂ ಎಂದು ನಿಗದಿಯಾದದ್ದು ಈ ಕಿಣ್ವದ ಇಳಿಕೆಯ ಆಧಾರದ ಮೇಲೆಯೇ. ಸತು ಹೆಚ್ಚಾದರೆ ಕರುಳಿನ ಕೋಶಗಳಲ್ಲಿ ಮೆಟಲೊಥಯೋನಿನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಅದು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆ ಕೋಶ ಉದುರಿದಾಗ ತಾಮ್ರವೂ ಮಲದಲ್ಲಿ ಹೋಗುತ್ತದೆ. ಮಾತ್ರೆಯ ಚೀಟಿ ಓದುವಾಗ ಲವಣದ ತೂಕ ಬೇರೆ, ಸತುವಿನ ತೂಕ ಬೇರೆ ಎಂಬುದು ನೆನಪಿರಲಿ. ಜಿಂಕ್ ಸಲ್ಫೇಟ್ 220 ಮಿಗ್ರಾಂ ಎಂದರೆ ಸತು ಸುಮಾರು 50 ಮಿಗ್ರಾಂ.

ವಾರ್ಡ್‌ರೌಂಡ್:
ಇದು ಬರೀ ಲ್ಯಾಬ್ ಅಂಕಿಯ ಸಮಾಚಾರ ಅಲ್ಲ. ಸತುವಿನಿಂದಾದ ತಾಮ್ರದ ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ಕಬ್ಬಿಣಕ್ಕೆ ಬಗ್ಗದ ರಕ್ತಹೀನತೆ, ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿಕಣ) ಇಳಿಕೆ, ಮುಂದೆ ಬಿ12 ಕೊರತೆಯಂತೆಯೇ ಕಾಣುವ ಬೆನ್ನುಹುರಿ ಕಾಯಿಲೆ. ನಡೆಯುವಾಗ ತೂರಾಟ, ಪಾದ ಜೋಮು. ಸತುವಿರುವ ಕೃತಕ ಹಲ್ಲಿನ ಅಂಟು ಅತಿಯಾಗಿ ಬಳಸಿದವರಲ್ಲೂ ಇದು ವರದಿಯಾಗಿದೆ. ಬಿ12 ಸರಿಯಿದ್ದೂ ಇಂಥ ಲಕ್ಷಣ ಇದ್ದರೆ ಸೀರಂ ತಾಮ್ರ, ಸೆರುಲೊಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್), ಸತು ಮೂರನ್ನೂ ಕೇಳಿ. ಸತು ನಿಲ್ಲಿಸಿ ತಾಮ್ರ ಕೊಟ್ಟರೆ ರಕ್ತಕಣಗಳು ವಾರಗಳಲ್ಲಿ ಚೇತರಿಸುತ್ತವೆ, ನರದ ಹಾನಿ ಪೂರ್ತಿ ಹಿಂದಿರುಗದಿರಬಹುದು. ಕಣ್ಣಿನ ಮ್ಯಾಕ್ಯುಲಾ ಸವೆತಕ್ಕೆ ಕೊಡುವ ಏಆರ್‌ಇಡಿಎಸ್ ಸೂತ್ರದಲ್ಲಿ 80 ಮಿಗ್ರಾಂ ಸತುವಿನ ಜೊತೆ 2 ಮಿಗ್ರಾಂ ತಾಮ್ರ ಸೇರಿಸಿರುವುದು ಇದೇ ಕಾರಣಕ್ಕೆ.

ಹಸಿರುಶಾಯಿ:
ಚುಚ್ಚುಮದ್ದಾಗಿ ಕೊಟ್ಟರೆ ಜೀರ್ಣವಾಗುವ ಪ್ರಶ್ನೆಯೇ ಇಲ್ಲವಲ್ಲ ಮೇಡಂ?

ಪಥ್ಯ:
ಪ್ರಯತ್ನಿಸಿದ್ದಾರೆ. ದನದ ಎಸ್‌ಒಡಿಯನ್ನು ಆರ್ಗೋಟೀನ್ ಎಂಬ ಹೆಸರಿನಲ್ಲಿ ಮಂಡಿಯ ಕೀಲಿಗೆ ಚುಚ್ಚುತ್ತಿದ್ದರು. ಅಲರ್ಜಿಯಿಂದಾಗಿ ಮನುಷ್ಯರ ಬಳಕೆಯಿಂದ ಹೊರಬಿತ್ತು. ರಕ್ತಕ್ಕೆ ಕೊಟ್ಟರೆ ಮೂತ್ರಪಿಂಡ ನಿಮಿಷಗಳ ಲೆಕ್ಕದಲ್ಲಿ ಸೋಸಿಬಿಡುತ್ತದೆ. ಅದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಅಂಟಿಸಿ ತಲೆಗೆ ತೀವ್ರ ಪೆಟ್ಟಾದವರಿಗೆ ಕೊಟ್ಟ ದೊಡ್ಡ ಪ್ರಯೋಗದ ಫಲ 1996ರಲ್ಲಿ ಬಂತು, ಗಮನಾರ್ಹ ಲಾಭವಿಲ್ಲ. ಕೋಶದ ಒಳಗೆ ಹೋಗದ ಕಿಣ್ವ ಕೋಶದ ಒಳಗಿನ ಸೂಪರಾಕ್ಸೈಡನ್ನು ಏನು ಮಾಡೀತು? ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಶ್ವಾಸನಾಳಕ್ಕೆ ಕೊಟ್ಟ ಅಧ್ಯಯನ ಸ್ವಲ್ಪ ಬೇರೆ. ಮುಖ್ಯ ಗುರಿಯಾಗಿದ್ದ ಶ್ವಾಸಕೋಶದ ಕಾಯಿಲೆ ತಗ್ಗಲಿಲ್ಲ, ಆದರೆ ಒಂದು ವರ್ಷದ ಹೊತ್ತಿಗೆ ಉಬ್ಬಸದ ಔಷಧ ಬೇಕಾದ ಮಕ್ಕಳು ಕಡಿಮೆ ಇದ್ದರು.

ಕಿಣ್ವಲೋಕ:
ಇನ್ನೊಂದನ್ನೂ ಹೇಳಿಬಿಡಿ. ವಿಟಮಿನ್ ಸಿ 1000 ಮಿಗ್ರಾಂ, ವಿಟಮಿನ್ ಇ 400 ಐಯು ದಿನವೂ ಕೊಟ್ಟು ವ್ಯಾಯಾಮ ಮಾಡಿಸಿದ 2009ರ ಅಧ್ಯಯನದಲ್ಲಿ, ವ್ಯಾಯಾಮದಿಂದ ಸಹಜವಾಗಿ ಏರಬೇಕಿದ್ದ ಎಸ್‌ಒಡಿ1, ಎಸ್‌ಒಡಿ2 ಏರಲೇ ಇಲ್ಲ. ಇನ್ಸುಲಿನ್‌ಗೆ ಸ್ಪಂದನೆ ಸುಧಾರಿಸುವುದೂ ನಿಂತಿತು. ಕಿಣ್ವ ಏರಲು ಮೊದಲು ಸ್ವಲ್ಪ ಸೂಪರಾಕ್ಸೈಡ್ ಸಂಕೇತ ಬೇಕು. ಅಷ್ಟೇಕೆ, ಬಿಳಿಕಣಗಳು ಸೂಪರಾಕ್ಸೈಡ್ ತಯಾರಿಸಲಾಗದ ಕ್ರಾನಿಕ್ ಗ್ರ್ಯಾನ್ಯುಲೊಮ್ಯಾಟಸ್ ಕಾಯಿಲೆಯಲ್ಲಿ ಮಕ್ಕಳು ಸೋಂಕಿನಿಂದ ನರಳುತ್ತಾರೆ.

ಹಸಿರುಶಾಯಿ:
ಕೊನೆಯದಾಗಿ, ಕಡಿಮೆ ಎಂದು ವರದಿ ಕೈಯಲ್ಲಿ ಹಿಡಿದು ಬಂದವರಿಗೆ ಏನು ಹೇಳಬೇಕು?

ವಾರ್ಡ್‌ರೌಂಡ್:
ಮಾದರಿ ಯಾವುದು, ವಿಧಾನ ಯಾವುದು, ಯೂನಿಟ್ ಹಿಮೋಗ್ಲೋಬಿನ್ ಗ್ರಾಂಗೋ ಮಿಲಿಲೀಟರಿಗೋ ಎಂದು ಕೇಳಿ. ಮಿಲಿಲೀಟರಿಗೆ ಇದ್ದರೆ ರಕ್ತಹೀನತೆ ಇರುವವರೆಲ್ಲರಿಗೂ ಕಡಿಮೆಯೇ ಬರುತ್ತದೆ. ಆಮೇಲೆ ಸತುವಿನ ಮಾತ್ರೆ, ಹೊಟ್ಟೆ ಅಥವಾ ಕರುಳಿನ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿದೆಯೇ ವಿಚಾರಿಸಿ. ಇದ್ದರೆ ತಾಮ್ರ ನೋಡಿ. ಇವೆರಡೂ ಇಲ್ಲದಿದ್ದರೆ ಆ ಅಂಕಿಗೆ ಚಿಕಿತ್ಸೆ ಬೇಡ.

ಪಿಪೆಟ್:
ಮತ್ತೆ ಅಳೆಯುವುದಾದರೆ ಮುಂದಿನ ವಾರವೇ ಬೇಡ. ಕೆಂಪುಕಣದ ಆಯುಷ್ಯ ಸುಮಾರು 120 ದಿನ, ಅದಕ್ಕೆ ಹೊಸ ಪ್ರೋಟೀನ್ ತಯಾರಿಸುವ ಶಕ್ತಿ ಇಲ್ಲ. ಮಜ್ಜೆಯಿಂದ ಹೊಸ ಕಣ ಬಂದಷ್ಟೇ ಅಂಕಿ ಬದಲಾಗುವುದು. ಮೂರು ತಿಂಗಳು ಬಿಟ್ಟು, ಅದೇ ಲ್ಯಾಬ್, ಅದೇ ವಿಧಾನ. ಸಾಧ್ಯವಾದರೆ ಹಳೆಯ ಮಾದರಿಯ ಒಂದು ಪಾಲು −80ರಲ್ಲಿ ಇಟ್ಟುಕೊಂಡು ಎರಡನ್ನೂ ಒಂದೇ ದಿನ ಓಡಿಸಿ.